ಉಮ್ಮನ ನಾಲ್ಕೂವರೆ ಕಿಲೋ ಕಂಬಳಿ

ರಿಯಾದಿನ ಬತ್ಹಾದಲ್ಲಿರುವ ನಮ್ಮ ರೂಮಿನಲ್ಲಿ ಒಂದು ಮಾತುಂಟು: ಊರಿಗೆ ಹೊರಟವ ಊರು ಮುಟ್ಟಿ ಫೋನ್ ಮಾಡಿದ ಮೇಲೆಯೇ ಹೊರಟ ಅಂತ ಲೆಕ್ಕ. ಅಲ್ಲಿಯವರೆಗೆ ಅವನ ಪಾಲಿನ ಅನ್ನ ಪಾತ್ರೆಯಲ್ಲಿ ಇರಲೇಬೇಕು. ಈ ಮಾತು ಹುಟ್ಟಿದ್ದೇ ನನ್ನಿಂದ. ಹೆಮ್ಮೆಪಡುವ ವಿಷಯ ಅಲ್ಲ ಬಿಡಿ.

ಅರ್ಧ ಕಿಲೋ ಕಾನೂನು

ನಾವು ಆರು ಜನ, ಎಲ್ಲರೂ ದಕ್ಷಿಣ ಕನ್ನಡದವರು. ನಾನು ಗಾಡಿಗಳ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸ್ಟೋರ್ ಕೀಪರ್. ರೂಮಿನಲ್ಲಿ ನನಗೆ ಇನ್ನೊಂದು ಹುದ್ದೆ ಉಂಟು: ಊರಿಗೆ ಹೋಗುವವರ ಪೆಟ್ಟಿಗೆ ಕಟ್ಟುವುದು. ನಾನು ಹಗ್ಗ ಬಿಗಿದು ಗಂಟು ಹಾಕಿದರೆ ಪೆಟ್ಟಿಗೆ ಹರಿದೀತು, ಗಂಟು ಬಿಚ್ಚಲಿಕ್ಕಿಲ್ಲ.

ಒಬ್ಬ ಊರಿಗೆ ಹೊರಟರೆ ಉಳಿದವರು ಅವನ ಕೈಯಲ್ಲಿ ಅರ್ಧರ್ಧ ಕಿಲೋ ಸಾಮಾನು ಕಳಿಸಬಹುದು, ಅದಕ್ಕಿಂತ ಹೆಚ್ಚು ಇಲ್ಲ. ಒಮ್ಮೆ ನಮ್ಮ ಎಲೆಕ್ಟ್ರಿಷಿಯನ್ ಒಂದು ಪೊಟ್ಟಣ ತಂದ. ತೂಕದ ಕೊಕ್ಕೆಗೆ ಸಿಕ್ಕಿಸಿದರೆ ಎರಡು ಕಿಲೋ!

"ಎಂತ ಮಾರಾಯ ಇದು?"

"ಅರ್ಧ ಕಿಲೋವೇ. ಹೆಂಡತಿಗೆ ಅರ್ಧ, ಅಮ್ಮನಿಗೆ ಅರ್ಧ, ಅತ್ತೆಗೆ ಅರ್ಧ. ಇನ್ನರ್ಧ, ಪೆಟ್ಟಿಗೆ ಒಡೆಯುವಾಗ ಸುಮ್ಮನೆ ಬಂದು ನಿಲ್ಲುತ್ತಾರಲ್ಲ, ಅವರಿಗೆ."

ಸೆಕೆಯ ಊರಿಗೆ ಕಂಬಳಿ

ನನ್ನ ಉಮ್ಮ, ಅಂದರೆ ಅಮ್ಮ, ಏನೂ ಕೇಳಿದವಳಲ್ಲ. ನೋವಿನ ಎಣ್ಣೆ, ಖರ್ಜೂರ ಯಾರದಾದರೂ ಕೈಯಲ್ಲಿ ಕಳಿಸಿದರೆ "ಸಿಕ್ಕಿತು" ಅನ್ನುವಳು, ಅಷ್ಟೇ. ನಾನು ಊರಿಗೆ ಹೋಗದೆ ಮೂರು ವರ್ಷ ಆದಾಗ ಒಂದು ದಿನ ವಿಡಿಯೋ ಕಾಲಿನಲ್ಲಿ ಹೇಳಿದಳು, "ಮೋನೆ, ನನಗೊಂದು ಗಲ್ಫ್ ಕಂಬಳಿ ಬೇಕು. ದಪ್ಪದ್ದು."

"ಉಮ್ಮಾ, ಅಲ್ಲಿ ಫ್ಯಾನ್ ಹಾಕಿದರೂ ಬೆವರು ಇಳಿಯುತ್ತದೆ. ಕಂಬಳಿ ಎಂತಕ್ಕೆ?"

"ಪಕ್ಕದ ಮನೆಯವಳ ಹತ್ತಿರ ಉಂಟು."

ಸರಿ, ಪಕ್ಕದ ಮನೆಯವಳ ಹತ್ತಿರ ಉಂಟು ಅಂದ ಮೇಲೆ ಮುಗಿಯಿತು. ಹುಲಿಯ ಚಿತ್ರದ ಕಂಬಳಿ ತಂದೆ. ನಾಲ್ಕೂವರೆ ಕಿಲೋ! ಯಾರನ್ನಾದರೂ ಕಾಲು ಹಿಡಿದು ಒಪ್ಪಿಸಿ ಕಳಿಸುತ್ತೇನೆ ಅಂದರೆ ಉಮ್ಮ ಒಪ್ಪಲಿಲ್ಲ. "ಬೇರೆಯವರಿಗೆ ತೊಂದರೆ ಕೊಡಬೇಡ. ನೀನು ಬರುವಾಗ ತಾ."

ರಂಜಾನ್ ಕಳೆದ ಮೇಲೆ ರಜೆ ಅಂತ ಮಾತಾಗಿತ್ತು. ಪೆಟ್ಟಿಗೆ ಕಟ್ಟಿ ಕೂತೆ. ಅಂಗಡಿಯ ಮುದೀರ್, ಅಂದರೆ ಮ್ಯಾನೇಜರ್, ಕೇಳಿದಾಗೆಲ್ಲ "ಬುಕ್ರಾ" ಅಂದ. ಬುಕ್ರಾ ಅಂದರೆ ನಾಳೆ. ಆ ನಾಳೆ ಬರುವುದರೊಳಗೆ ರಿಯಾದಿಗೆ ಚಳಿಗಾಲ ಬಂತು. ರೂಮಿನಲ್ಲಿ ಒಬ್ಬನಿಗೆ ಜ್ವರ, ಹಲ್ಲು ಕಟಕಟ ಅನ್ನುತ್ತಿತ್ತು. ನೋಡಲಾಗದೆ ಹಗ್ಗ ಕತ್ತರಿಸಿ ಕಂಬಳಿ ಹೊದೆಸಿದೆ. ಅವ ಎದ್ದ, ಇನ್ನೊಬ್ಬ ಮಲಗಿದ. ಕೊನೆಗೆ ಲಾಂಡ್ರಿಗೆ ಕೊಟ್ಟು ತಂದು ಮಡಚುತ್ತಿದ್ದರೆ ಎಲೆಕ್ಟ್ರಿಷಿಯನ್ ಓಡಿಬಂದ: "ಈಗಲೇ ಕಟ್ಟಬೇಡ ಮಾರಾಯ, ನನಗೆ ಗುರುವಾರ ಜ್ವರ ಬರುವ ಹಾಗೆ ಕಾಣುತ್ತದೆ."

ಬೀಳ್ಕೊಡುಗೆ ಬಿರಿಯಾನಿ

ಮರುವರ್ಷ ನಿಜವಾಗಿಯೂ ಟಿಕೆಟ್ ಬಂತು. ನಮ್ಮಲ್ಲಿ ಅಡುಗೆಯವ ಅಂತ ಬೇರೆ ಇಲ್ಲ, ಹಿರಿಯರಾದ ಟೈಲರ್ ಇಚ್ಛೆಯಿಂದ ಒಲೆ ಹಿಡಿದವರು. ಅವರು ಬಿರಿಯಾನಿ ಮಾಡಿದರು. ಎಲ್ಲರೂ ತಬ್ಬಿಕೊಂಡರು, ಇಬ್ಬರು ಅತ್ತರು. ಏರ್‌ಪೋರ್ಟಿನಲ್ಲಿ ಪಾಸ್‌ಪೋರ್ಟ್ ನೋಡುವವ ತಲೆ ಅಲ್ಲಾಡಿಸಿದ. ಸೌದಿ ಬಿಡಲಿಕ್ಕೆ ಬೇಕಾದ, ಹೋಗಿ ಬರುವ ವೀಸಾವನ್ನು ನಮ್ಮ ಅಂಗಡಿಯ ಗುಮಾಸ್ತ ಮಾಡಿಸಿಯೇ ಇರಲಿಲ್ಲ. ಮರೆತನಂತೆ!

ಮಧ್ಯಾಹ್ನ ರೂಮಿಗೆ ವಾಪಸು ಬಂದೆ. ನನ್ನ ಮಂಚದ ಮೇಲೆ ಆಗಲೇ ಯಾರದ್ದೋ ಬಟ್ಟೆ ಒಣಗುತ್ತಿತ್ತು. ಒಬ್ಬೊಬ್ಬರೇ ಬಂದು ಅಯ್ಯೋ ಪಾಪ ಅಂದು, ಹಾಗೇ ತಮ್ಮ ಅರ್ಧ ಕಿಲೋ ವಾಪಸು ಕೇಳಿದರು.

ಉಮ್ಮನಿಗೆ ಫೋನ್ ಮಾಡಿದೆ. "ಅಂಜಲ್ ಮೀನು ತರಿಸಿದ್ದೆ. ಇರಲಿ. ಕಂಬಳಿ ಜಾಗ್ರತೆ," ಅಂದಳು. ನನಗೆ ಅಳು ಬಂತು. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಹೊರಗೆ ಬಂದಾಗ ಟೈಲರ್ ತಟ್ಟೆ ಹಿಡಿದು ನಿಂತಿದ್ದರು. "ಉಳಿದ ಬಿರಿಯಾನಿ, ತಿನ್ನು. ಇನ್ನು ನಿನಗೆ ಮೊದಲೇ ಮಾಡುವುದಿಲ್ಲ. ನೀನು ಮಂಗಳೂರಿನಲ್ಲಿ ಇಳಿದು ಫೋನ್ ಮಾಡು, ನಾವು ಇಲ್ಲಿ ಮಾಡಿ ತಿನ್ನುತ್ತೇವೆ."

ಬಿಚ್ಚಲಿಕ್ಕೆ ಕಟ್ಟಿದ್ದಲ್ಲ

ಐದನೇ ವರ್ಷದ ಮೇ ತಿಂಗಳಲ್ಲಿ ಅಕ್ಕ ಫೋನ್ ಮಾಡಿದಳು. ಉಮ್ಮ ಆಸ್ಪತ್ರೆಯಲ್ಲಿ, ಬೇಗ ಬಾ. ಐದು ವರ್ಷ ಸಿಗದ ರಜೆ ಐದು ನಿಮಿಷದಲ್ಲಿ ಸಿಕ್ಕಿತು. "ಬುಕ್ರಾ" ಅನ್ನುತ್ತಿದ್ದ ಮುದೀರನೇ "ಯಲ್ಲಾ, ಇವತ್ತೇ ಹೊರಡು" ಅಂದು ಗುಮಾಸ್ತನ ತಲೆಯ ಮೇಲೆ ನಿಂತು ಕಾಗದ ಮಾಡಿಸಿದ. ಬಿರಿಯಾನಿ ಇಲ್ಲ. ಯಾರೂ ಅರ್ಧ ಕಿಲೋ ಕೊಡಲಿಲ್ಲ. ನಾನು ಕಂಬಳಿಯೊಂದನ್ನೇ ಪೆಟ್ಟಿಗೆಗೆ ಹಾಕಿ, ನಾಲ್ಕು ಗಂಟು ಹೆಚ್ಚೇ ಹಾಕಿದೆ.

ಮಂಗಳೂರಿನಲ್ಲಿ ಇಳಿದಾಗ ಕಸ್ಟಮ್ಸ್‌ನವರು ಹಿಡಿದರು. "ಐದು ವರ್ಷದ ಮೇಲೆ ಬರುವವನ ಪೆಟ್ಟಿಗೆಯಲ್ಲಿ ಎಂತ ಉಂಟು?"

"ಕಂಬಳಿ ಸಾರ್."

"ಮತ್ತೆ?"

"ಕಂಬಳಿ ಮಾತ್ರ."

"ಈ ಸೆಕೆಗಾ? ಬಿಚ್ಚು."

ಎಳೆದೆ, ಹಲ್ಲು ಹಾಕಿದೆ, ಉಗುರು ಕಿತ್ತುಬಂತು. ಅವರಿಗೂ ಆಗಲಿಲ್ಲ. "ಯಾವ ಪುಣ್ಯಾತ್ಮ ಕಟ್ಟಿದ್ದು ಇದನ್ನು?" ಅಂತ ಬೈದರು. "ನಾನೇ ಸಾರ್," ಅಂದೆ. ಅವರು ನನ್ನ ಮುಖ ನೋಡಿದರು. ಏನು ಕಂಡಿತೋ, "ಹೋಗು ಮಾರಾಯ," ಅಂದು ಬಿಟ್ಟರು.

ಪಕ್ಕದ ಮನೆಯವಳು

ಹೊರಗೆ ಭಾವ ನಿಂತಿದ್ದರು. ನನ್ನ ಮುಖ ನೋಡದೆ ಪೆಟ್ಟಿಗೆ ತೆಗೆದುಕೊಂಡರು. ನಾನು ವಿಮಾನದಲ್ಲಿದ್ದಾಗಲೇ ಉಮ್ಮ ಹೋಗಿದ್ದಳು, ದಫನವೂ ಆಗಿತ್ತು. ಹಸಿ ಮಣ್ಣಿನ ಮುಂದೆ ನಿಂತು ದುವಾ ಮಾಡಿ ಮನೆಗೆ ಬಂದೆ. ಮುಖ ನೋಡಲಿಕ್ಕೆ ಸಿಗಲಿಲ್ಲ.

ಮನೆ ತುಂಬ ಜನ. ಭಾವ ಮೀನು ಕೊಯ್ಯುವ ಕತ್ತಿಯಿಂದ ಹಗ್ಗ ಕತ್ತರಿಸಿದರು. ಹುಲಿ ಹೊರಗೆ ಬಂತು. ಪಕ್ಕದ ಮನೆಯವಳು ಮುಟ್ಟಿ ನೋಡಿ, "ಅಬ್ಬಾ, ಎಷ್ಟು ಭಾರ! ನಾನು ಇಂಥದ್ದು ನೋಡಿಯೇ ಇಲ್ಲ," ಅಂದಳು.

"ನಿಮ್ಮ ಹತ್ತಿರ ಉಂಟಲ್ಲ? ಉಮ್ಮ ಹೇಳಿದ್ದಳು."

"ನನ್ನ ಹತ್ತಿರವಾ? ಎಲ್ಲಿಂದ ಬರಬೇಕು? ಈ ಸೆಕೆಯಲ್ಲಿ ನಾನು ಚಾದರವನ್ನೂ ಹೊದೆಯುವುದಿಲ್ಲ."

ಅಕ್ಕ ಅಳುತ್ತಿದ್ದವಳು ಬಾಯಿಗೆ ಸೆರಗು ಒತ್ತಿ ನಗಲಿಕ್ಕೆ ಶುರು ಮಾಡಿದಳು. ನಗುತ್ತಾಳೋ ಅಳುತ್ತಾಳೋ ಗೊತ್ತಾಗಲಿಲ್ಲ.

"ಕಂಬಳಿ ಯಾರಿಗೆ ಬೇಕಿತ್ತು?" ಅಂದಳು. "ನಾನೂ ಕೇಳಿದ್ದೆ. ಉಮ್ಮ ಹೇಳಿದ್ದು ಇಷ್ಟೇ: 'ಸಣ್ಣದು ಏನು ಕೇಳಿದರೂ ಅವ ಯಾರದೋ ಕೈಯಲ್ಲಿ ಕಳಿಸುತ್ತಾನೆ. ಕಂಬಳಿ ಆದರೆ ಯಾರೂ ಹೊರಲಿಕ್ಕಿಲ್ಲ. ಅವನೇ ಬರಬೇಕು.'"