ಇಡೀ ಮನೆ ಕೂಡಿದ ದಿನ

ಮನೆಮನೆಗೆ ಸುವಾರ್ತೆ ಹೇಳುತ್ತ ತಿರುಗುವವರಿಗೆ ನಗುವುದಕ್ಕೆ ಕೊರತೆಯಿಲ್ಲ. ಒಂದು ಊರು ಬಿಟ್ಟು ಇನ್ನೊಂದು ಮುಟ್ಟುವುದರೊಳಗೆ ಏನಾದರೊಂದು ಆಗಿಯೇ ಆಗುತ್ತದೆ. ನಗು ಮುಗಿದ ಮೇಲೆ ಉಳಿಯುವುದು ಮಾತ್ರ ಬೇರೆ.

ನಿಜಾಮರ ಆಳ್ವಿಕೆ ಹೋಗಿ ಹೆಚ್ಚು ದಿನವಾಗಿರಲಿಲ್ಲ. ಬಿ.ಎಸ್ಸಿ. ಮುಗಿಸಿದ ನಾನು ಲಿಂಗಸುಗೂರಿನಲ್ಲಿ ಪಾದ್ರಿ ಅಯ್ಯನವರಿಗೆ ಸಹಾಯಕನಾಗಿದ್ದೆ. ಅಯ್ಯನವರದು ಒಂದೇ ನಿಯಮ: ದೀಕ್ಷಾಸ್ನಾನ ಕೊಟ್ಟರೆ ಇಡೀ ಮನೆಗೆ. ಒಬ್ಬರೇ ಬಂದರೆ ಮನೆಯವರು ಅವರನ್ನು ಹೊರಗೆ ಹಾಕುತ್ತಾರೆ. ಅಂಥದ್ದನ್ನು ಅವರು ಕಣ್ಣಾರೆ ಕಂಡಿದ್ದರು. ನಿಯಮಕ್ಕೆ ಕಾರಣವಿತ್ತು. ಕಾರಣವಿದ್ದದ್ದು ನನಗೆ ಒಪ್ಪಿಗೆಯಾಗುತ್ತಿತ್ತು.

ಮಸ್ಕಿ ಹತ್ತಿರದ ಹಳ್ಳಿಯಲ್ಲಿ ಒಬ್ಬ ಅಜ್ಜಿ ಇದ್ದಳು. ದವಾಖಾನೆಯಲ್ಲಿ ಮಲಗಿದ್ದಾಗ ಸುವಾರ್ತೆ ಕೇಳಿದವಳು. ಸಾಯುವ ಮೊದಲು ದೀಕ್ಷಾಸ್ನಾನ ಆಗಲೇಬೇಕೆಂದು ಹಟ ಹಿಡಿದಿದ್ದಳು. ಅಯ್ಯನವರು ನಿಯಮ ಹೇಳಿದರು.

"ಎಲ್ಲಾರೂ ಕೂಡಬೇಕಂದ್ರ ಕೂಡಸೋಣ್ರೀ. ಅದೇನ ದೊಡ್ಡ ಮಾತ?" ಎಂದಳು.

ಮಕ್ಕಳು ಮೂವರು, ಮೂರು ಕಡೆ. ಹಿರಿಯ ಮಗ ಆಕೆಯ ಜೊತೆಗೇ ಇದ್ದು ಹೊಲ ನೋಡಿಕೊಳ್ಳುತ್ತಿದ್ದ. ನಡುವಿನವನಿಗೆ ಸಿಂಧನೂರಿನಲ್ಲಿ ಕಿರಾಣಿ ಅಂಗಡಿ. ಕಿರಿಯವ ಲಿಂಗಸುಗೂರಿನ ಒಂದು ಕಚೇರಿಯಲ್ಲಿ ಜವಾನ.

ಬಾಗಿಲ ಹಿಂದಿನವರು

ಮೊದಲು ಹಿರಿಯ ಮಗನ ಸಂಸಾರಕ್ಕೆ ಬೋಧನೆ. ಅವನು ಪಡಸಾಲೆಯಲ್ಲಿ ಕೂತಿದ್ದರಿಂದ ಅವನ ಸೊಸೆಯರು ಹೊರಗೆ ಬರುವಂತಿರಲಿಲ್ಲ. ಅವರು ಒಳಬಾಗಿಲ ಹಿಂದೆ ನಿಂತರು. ಅಯ್ಯನವರು ಬಾಗಿಲಿಗೇ ಮುಖಮಾಡಿ ಬೋಧಿಸಿದರು. ಸೊಸೆಯರು ಏನಾದರೂ ಕೇಳಬೇಕಾದರೆ ಹೊಸ್ತಿಲ ಮೇಲೆ ಕೂತಿದ್ದ ಅವರ ಅತ್ತೆ, ಅಂದರೆ ಹಿರಿಯ ಮಗನ ಹೆಂಡತಿ, ಅದನ್ನು ದಾಟಿಸಬೇಕು.

ಒಳಗಿನಿಂದ ಪಿಸುಮಾತು ಬಂತು. ಅತ್ತೆ ಮನಸ್ಸಿಲ್ಲದ ಮನಸ್ಸಿನಿಂದ ಹೇಳಿದಳು: "ನಿಮ್ಮ ಗುಡ್ಯಾಗ ಸೊಸ್ತ್ಯಾರು ಮಾವನ ಮುಂದ ಕೂಡಬೌದೇನು ಅಂತ ಕೇಳಾಕತ್ಯಾರ್ರೀ."

"ಧಾರಾಳವಾಗಿ ಕೂಡಬಹುದು. ಎಲ್ಲರಿಗೂ ಒಂದೇ ಜಮಖಾನೆ," ಎಂದರು ಅಯ್ಯನವರು.

ಅತ್ತೆ ಬಾಗಿಲ ಕಡೆ ತಿರುಗಿದಳು. "ಹಂಗ ಕೂಡಾಕ ಬರಂಗಿಲ್ಲಂತ ನೋಡ್ರವಾ."

ಅಯ್ಯನವರ ದನಿ ಓಣಿಯ ಆ ಕೊನೆಗೂ ಕೇಳಿಸುವಂಥದು. ಆದರೂ ಆ ಮನೆಯಲ್ಲಿ ನಿಂತದ್ದು ಅತ್ತೆಯ ಉತ್ತರವೇ.

ಸಿಂಧನೂರಿನ ಸೌಜನ್ಯ

ಅಂಗಡಿಯ ಮಗ ಹಣೆತುಂಬ ವಿಭೂತಿ ಹಚ್ಚಿಕೊಂಡು ಕೂತು ಕೊನೆಯವರೆಗೂ ಕೇಳಿದ. ನಡುವೆ ಎರಡು ಸಲ ಚಹಾ ತರಿಸಿದ.

"ಛಲೋ ಆತ್ರೀ. ನಿಮ್ಮ ಸ್ವಾಮಿ ನಮ್ಮನಿಗೆ ಬರ್ಲಿ, ನಾ ಬ್ಯಾಡನ್ನಂಗಿಲ್ಲ. ದೇವ್ರ ಜಗಲಿ ಮ್ಯಾಲ ಜಾಗ ಐತಿ. ನಮ್ಮ ಮನಿದೇವ್ರನ್ನ ನಿಮ್ಮನಿಗೆ ಯಾವತ್ತ ಕಳಸ್ಲಿ?"

ಅಯ್ಯನವರು ಗಾಬರಿಯಾದರು. ಹಾಗೆ ತೆಗೆದುಕೊಳ್ಳಲು ಬರುವುದಿಲ್ಲ ಎಂದು ಬಹಳ ಹೊತ್ತು ವಿವರಿಸಿದರು. ಅವನು ತಲೆಯಾಡಿಸುತ್ತಲೇ ಇದ್ದ. ನಾವು ಮೆಟ್ಟಿಲಿಳಿಯುವಾಗ ಒಳಗೆ ಹೆಂಡತಿಗೆ ಹೇಳುವುದು ಕೇಳಿಸಿತು:

"ಪಾಪ, ಅವ್ರ ಮನಿ ಸಣ್ಣದೈತಿ ಕಾಣ್ತೈತಿ. ಬಾಯಿಬಿಟ್ಟು ಹೇಳಾಕ ನಾಚ್ಕೊಂಡ್ರು."

ಲಿಂಗಸುಗೂರಿನ ಜವಾನ

ಕಿರಿಯ ಮಗನ ಮನೆಗೆ ಹೋದಾಗ ಅವನು ನಮ್ಮನ್ನು ಹೊರಗಿನ ಕಟ್ಟೆಯ ಮೇಲೆ ಕೂಡಿಸಿದ. "ಕೂಡ್ರಿ, ಕೇಳಿ ಬರ್ತೀನಿ," ಎಂದು ಒಳಗೆ ಹೋದ. ಬಿಸಿಲು ಕಾಲಿಗೆ ಬಂತು, ಮೊಣಕಾಲಿಗೆ ಬಂತು. ಆಮೇಲೆ ಹೊರಗೆ ಬಂದ.

"ಇವತ್ತ ಆಗಂಗಿಲ್ರೀ. ನಾಳೆ ಬರ್ರಿ."

"ಒಳಗ ಯಾರನ್ನ ಕೇಳಿದೆಪ್ಪಾ?" ಎಂದರು ಅಯ್ಯನವರು.

"ಯಾರೂ ಇಲ್ರೀ. ಹೆಂಡ್ತಿ ನೀರಿಗೆ ಹೋಗ್ಯಾಳ."

ಮಸ್ಕಿಯ ಸಾವು

ಹೀಗೆ ಮೂರು ಸುಗ್ಗಿ ಕಳೆದವು. ಒಬ್ಬರು ಬಂದರೆ ಒಬ್ಬರಿಲ್ಲ. ಒಬ್ಬ ಸೊಸೆ ಬಾಣಂತನಕ್ಕೆ ಹೋದಳು, ಅವಳು ಬರುವಷ್ಟರಲ್ಲಿ ಇನ್ನೊಬ್ಬಳು ಹೋದಳು. ಅಜ್ಜಿ ಸೊರಗುತ್ತಿದ್ದಳು. ನಾವು ಹೋದಾಗಲೆಲ್ಲ ಅಯ್ಯನವರು ನಿಯಮ ಹೇಳುವರು; ಆಕೆ "ಆತ್ರೀ" ಎನ್ನುವಳು.

ನಾಲ್ಕನೆಯ ಸುಗ್ಗಿ ಭರದಲ್ಲಿದ್ದಾಗ ಸುದ್ದಿ ಬಂತು: ಅಜ್ಜಿ ಹೋದಳು.

ಸಾವಿನ ಸುದ್ದಿಗೆ ಯಾರೂ ಕಾರಣ ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಸಿಂಧನೂರಿನವನು ಅಂಗಡಿ ಮುಚ್ಚಿ, ಸಂಸಾರವನ್ನೆಲ್ಲ ಬಂಡಿಯಲ್ಲಿ ಹೇರಿಕೊಂಡು ಬಂದ. ಹಿರಿಯವನು ಕಣದಿಂದ ಓಡಿ ಬಂದ. ಬಾಣಂತಿ ಕೂಸು ಎತ್ತಿಕೊಂಡು ತವರಿನಿಂದ ಬಂದಳು. ಜವಾನ ಮತ್ತು ಅವನ ಹೆಂಡತಿಯ ಜೊತೆ ನಾವೂ ಬಸ್ಸಿನಲ್ಲಿ ಬಂದೆವು. ಎಲ್ಲರೂ ಅಳುತ್ತ ಒಳಗೆ ನುಗ್ಗಿದರು.

ಅಜ್ಜಿ ತಲೆಸ್ನಾನ ಮಾಡಿ, ಇಳಕಲ್ ಸೀರೆ ಉಟ್ಟು, ಅಂಗಳದಲ್ಲಿ ಕಂಬಳಿಯ ಮೇಲೆ ಕೂತಿದ್ದಳು.

"ಯವ್ವಾ, ನೀ ಸತ್ತೀಯಂತ ಹೇಳ್ಯಾರಲ್ಲ!" ಎಂದ ಹಿರಿಯ ಮಗ.

"ಹೇಳಿ ಕಳಿಸಿದಾಕಿ ನಾನ. ಅತ್ತಿದ್ದು ಸಾಕು, ಮುಖ ತೊಳಕೊಂಡು ಬರ್ರಿ." ಆಮೇಲೆ ಅಯ್ಯನವರ ಕಡೆ ತಿರುಗಿದಳು. "ಎಣಿಸ್ಕೋರಿ. ಒಬ್ರೂ ತಪ್ಪಿಲ್ಲ."

ನಿಜವಾಗಿಯೂ ಒಬ್ಬರೂ ತಪ್ಪಿರಲಿಲ್ಲ. ಸಾವಿನ ಮನೆಯಲ್ಲಿ ಯಾವ ಮರೆಯೂ ಇರುವುದಿಲ್ಲವಾದ್ದರಿಂದ ಸೊಸೆಯರೂ ಮಾವನ ಮುಂದೆಯೇ ಕೂತುಬಿಟ್ಟಿದ್ದರು. ಅತ್ತು ಮೆತ್ತಗಾಗಿದ್ದ ಆ ಗಳಿಗೆಯಲ್ಲಿ ಅಯ್ಯನವರು ಏನು ಕೇಳಿದ್ದರೂ ಎಲ್ಲರೂ ಹೂಂ ಅನ್ನುತ್ತಿದ್ದರೆಂದು ನನಗೆ ಇಂದಿಗೂ ಅನಿಸುತ್ತದೆ.

ಸಿಂಧನೂರಿನವನು ಬಾಯಿ ಹಾಕಿದ. "ಅಯ್ಯನವರ, ಸುಳ್ಳು ಹೇಳಿದಾಕಿಗೆ ನಿಮ್ಮಲ್ಲಿ ದೀಕ್ಷಾ ಕೊಡ್ತಾರೇನ್ರೀ?"

ಅಯ್ಯನವರು ಸಿಕ್ಕಿಕೊಂಡರು. ಅವರು ಪ್ರಾಮಾಣಿಕರು, ಕೇಳಿದ ಪ್ರಶ್ನೆಯನ್ನು ಹಾಗೇ ಬಿಡುವವರಲ್ಲ.

"ಅಮ್ಮಾ, ಸುಳ್ಳು ಹೇಳಿದ್ದಕ್ಕೆ ಪಶ್ಚಾತ್ತಾಪ ಐತೇನು?"

"ಐತ್ರೀ, ಯಾಕಿಲ್ಲ?" ಎಂದಳು ಅಜ್ಜಿ. "ಮೂರು ಸುಗ್ಗಿ ಸುಮ್ನ ಹಾಳಾದ್ವು. ಮದ್ಲ ಸತ್ತಿದ್ರ ಆಗ್ತಿತ್ತು."

ಅಂಗಳವೆಲ್ಲ ನಕ್ಕಿತು. ಬಾಣಂತಿಯ ಕೂಸು ಬೆಚ್ಚಿಬಿದ್ದು ಅತ್ತಿತು. ಅಯ್ಯನವರು ಮಾತ್ರ ನಗಲಿಲ್ಲ. ಇದು ಪಶ್ಚಾತ್ತಾಪ ಅಲ್ಲ, ಮನಸ್ಸು ತಿಳಿಯಾಗಲಿ, ಸುಗ್ಗಿ ಮುಗಿಯಲಿ, ಮತ್ತೆ ಎಲ್ಲರೂ ಕೂಡೋಣ ಎಂದರು. ಕಣದಲ್ಲಿ ಜೋಳ ಬಿದ್ದಿತ್ತು, ಅಂಗಡಿ ಮುಚ್ಚಿತ್ತು. ಬಂಡಿ ಹೂಡಿದರು.

ಆ ಸುಗ್ಗಿ ಮುಗಿಯುವವರೆಗೂ ಅಜ್ಜಿ ಉಳಿಯಲಿಲ್ಲ. ಅಯ್ಯನವರು ಆಕೆಯ ಮಾತು ಬಂದಾಗಲೆಲ್ಲ ಎದ್ದು ಹೊರಗೆ ಹೋಗುತ್ತಾರೆ. ನಾನು ಮಾತ್ರ ಆ ದಿನ ಬಂಡಿಗಳು ಓಣಿ ತಿರುಗಿದ ಮೇಲೆ ಆಕೆ ಕೇಳಿದ್ದನ್ನು ನೆನೆದು ಒಬ್ಬನೇ ನಗುತ್ತೇನೆ, ಆಮೇಲೆ ನಗು ನಿಲ್ಲುತ್ತದೆ. ಖಾಲಿ ಅಂಗಳದಲ್ಲಿ ಕಂಬಳಿ ಮಡಚುತ್ತ, ಬೇಸರವಿಲ್ಲದ ದನಿಯಲ್ಲಿ ಕೇಳಿದ್ದಳು:

"ಮತ್ತ ಕೂಡಸ್ರಿ ಅಂತೀರಿ, ಆತ್ರೀ. ಆದ್ರ ಇನ್ನೊಮ್ಮೆ ಸತ್ರ ನನ್ನ ಯಾರು ನಂಬ್ತಾರ್ರೀ?"