ಅತ್ತೆ ಮಾವ ಇಬ್ಬರೇ ಹೊರಟದ್ದು

ನಮ್ಮ ಮನೆಯಿಂದ ಇಬ್ಬರು ಹೊರಟು ಇಬ್ಬರೇ ತಲುಪಿದ್ದನ್ನು ನಾನು ಕಂಡಿಲ್ಲ. ಅದಕ್ಕೆ ಕಾರಣ ನಮ್ಮ ಮಾವ. ಮಿಲಿಟರಿಯಲ್ಲಿ ಸುಬೇದಾರರಾಗಿ ನಿವೃತ್ತರಾಗಿ, ಆಮೇಲೆ ಬೊಂಬಾಯಿಯ ವಿಕ್ರೋಳಿಯಲ್ಲಿ ಒಂದು ಕಾರ್ಖಾನೆಯ ಸೆಕ್ಯುರಿಟಿಯಲ್ಲಿ ದುಡಿದವರು. ಆಂಟಾಪ್ ಹಿಲ್ಲಿನ ನಮ್ಮ ಕಾಲೋನಿಗೆಲ್ಲ ಅವರು ‘ಫೌಜಿ ಕಾಕಾ’. ಎದುರಿಗೆ ಸಿಕ್ಕವರನ್ನು ‘ಬನ್ನಿ, ನೀವೂ ಬನ್ನಿ’ ಎಂದು ಕರೆಯದಿದ್ದರೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ.

ಅತ್ತೆಗೆ ಇದ್ದದ್ದು ಒಂದೇ ಆಸೆ. ಮದುವೆಯಾದಾಗಿನಿಂದ ಗಂಡ ಗಡಿಯಲ್ಲಿ, ತಾವು ಮೈಸೂರಿನ ತುಂಬಿದ ಮನೆಯಲ್ಲಿ. ಬೊಂಬಾಯಿಗೆ ಬಂದರೆ ಎರಡು ಕೋಣೆಯಲ್ಲಿ ಮಗ, ಸೊಸೆಯಾದ ನಾನು, ಮೊಮ್ಮಕ್ಕಳು. “ಒಂದ್ಸಲ ನಾವಿಬ್ರೇ ಎಲ್ಲಾದ್ರೂ ಹೋಗ್ಬರೋಣ ಕಣ್ರೀ” ಎನ್ನುತ್ತಿದ್ದರು. “ಅದಕ್ಕೇನಂತೆ, ಹೊರಡೋಣ!” ಎಂದು ಮಾವ ಮೀಸೆ ತಿರುವುತ್ತಿದ್ದರು. ಎಂಬತ್ತರ ದಶಕವೆಲ್ಲ ಹೀಗೇ ಕಳೆಯಿತು.

ಫ್ಯಾಮಿಲಿ ರೂಮ್

ಅವರ ಮದುವೆಯ ವಾರ್ಷಿಕೋತ್ಸವ ಬಂದಾಗ ಉಪಾಯ ಹೇಳಿದ್ದು ನಾನೇ. ನನ್ನ ಆಫೀಸು ಫೋರ್ಟಿನಲ್ಲಿ. ಹತ್ತಿರದ ಉಡುಪಿ ಹೋಟೆಲಿನಲ್ಲಿ ಒಂದು ಸಾಲು ಫ್ಯಾಮಿಲಿ ರೂಮುಗಳಿದ್ದವು. ಮರದ ಗೋಡೆ, ಬಾಗಿಲಿಗೆ ಪರದೆ, ಒಳಗೆ ನಾಲ್ಕು ಕುರ್ಚಿ. ಪರದೆ ಎಳೆದುಕೊಂಡರೆ ಯಾರ ಕಾಟವೂ ಇಲ್ಲ ಎಂದು ಇಬ್ಬರನ್ನೂ ಒಳಗೆ ಕೂರಿಸಿ ಆಫೀಸಿಗೆ ಹೋದೆ.

ಊಟದ ಬಿಡುವಿನಲ್ಲಿ ಬಂದು ನೋಡಿದರೆ ಅತ್ತೆ ಹೊರಗಿನ ಹಾಲಿನಲ್ಲಿ ಒಬ್ಬರೇ ಕೂತು ಮಸಾಲೆದೋಸೆ ತಿನ್ನುತ್ತಿದ್ದಾರೆ. ಪರದೆಯ ಹಿಂದಿನಿಂದ ಗಂಡಸರ ನಗು. ಪಕ್ಕದ ರೂಮಿನಲ್ಲಿ ಕೆಮ್ಮಿದವರು ಹಳೆಯ ಫೌಜಿ ಎಂದು ಮಾವ ಕೆಮ್ಮಿನಲ್ಲೇ ಪತ್ತೆ ಹಚ್ಚಿ, ಅವರನ್ನೂ ಜೊತೆಯವರನ್ನೂ ಒಳಗೆ ಕರೆದುಕೊಂಡಿದ್ದರು.

“ನೀವ್ಯಾಕತ್ತೆ ಇಲ್ಲಿ?” ಎಂದೆ.

“ಒಳಗೆ ಫ್ಯಾಮಿಲಿ ಜಾಸ್ತಿ ಆಯ್ತು ಕಣೇ. ನನಗೆ ಜಾಗ ಸಾಲಲಿಲ್ಲ.”

ಚೌಪಾಟಿ

ಮುಂದಿನ ಸಲ ಮಾವ ಹುಷಾರಾದರು. ಒಂದು ಭಾನುವಾರ ಮಧ್ಯಾಹ್ನ, ಕಾಲೋನಿಯೆಲ್ಲ ಉಂಡು ಮಲಗಿದ್ದಾಗ, ಅತ್ತೆಯನ್ನು ಚೌಪಾಟಿಗೆ ಹೊರಡಿಸಿದರು. ಗೇಟು ದಾಟುವ ತನಕ ತುಟಿ ಬಿಚ್ಚಲಿಲ್ಲವಂತೆ.

ಆದರೆ ಲೋಕಲ್ ಟ್ರೇನು ಹತ್ತಬೇಕಲ್ಲ! ನೂಕುನುಗ್ಗಲು ಬೇಡವೆಂದು ಅತ್ತೆಯನ್ನು ಹೆಂಗಸರ ಡಬ್ಬಿಗೆ ಹತ್ತಿಸಿ, ತಾವು ಪಕ್ಕದ ಡಬ್ಬಿ ಹತ್ತಿದರು. ಬೊಂಬಾಯಿಯಲ್ಲಿ ಗಂಡ ಹೆಂಡತಿ ಜೊತೆಯಾಗಿ ತಿರುಗಾಡಲು ಹೊರಡುವ ರೀತಿಯೇ ಅದು. ವಿ.ಟಿ. ಸ್ಟೇಷನ್ನಿನಲ್ಲಿ ಅತ್ತೆ ಒಬ್ಬರೇ ಇಳಿದರು. ಮಾವ ಇಳಿದದ್ದು ಒಂದು ಭಜನಾ ಮಂಡಳಿಯ ಜೊತೆ, ಕೈಯಲ್ಲಿ ತಾಳ ಹಿಡಿದುಕೊಂಡು.

“ಪಾಪ, ಇವರ ಪ್ರೋಗ್ರಾಮ್ ಕ್ಯಾನ್ಸಲ್ ಆಯ್ತಂತೆ ಕಣೇ. ಇವರೂ ಹವಾ ತಿನ್ನೋಕೆ ಬರ್ತಾರೆ.”

ಚೌಪಾಟಿಯ ಮರಳಿನಲ್ಲಿ ಭಜನೆ ರಂಗೇರಿತು. ಅತ್ತೆ ದೂರದಲ್ಲಿ ಕೂತು ಸಮುದ್ರ ನೋಡುತ್ತಿದ್ದರು. ಶೇಂಗಾ ಮಾರಲು ಬಂದ ಬಿಜಾಪುರದ ಕಡೆಯವನೊಬ್ಬ, ಅವರು ಕನ್ನಡದವರೆಂದು ತಿಳಿದು ಖುಷಿಯಾಗಿ ಕೇಳಿದನಂತೆ, “ಅವ್ರೆಲ್ಲಾ ನಿಮ್ ಮಂದೀನ ಏನ್ರೀ ಅಕ್ಕಾರ?”

“ಅಷ್ಟು ಜನದಲ್ಲಿ ನನಗೆ ಒಬ್ಬರು ಮಾತ್ರ ಗೊತ್ತಪ್ಪ” ಎಂದರಂತೆ ಅತ್ತೆ. “ಅವರೂ ವರ್ಷಕ್ಕೊಂದ್ಸಲ ರಜಾದಲ್ಲಿ ಬಂದು ಹೋಗ್ತಿದ್ದೋರು. ಅಷ್ಟಾಗಿ ಪರಿಚಯವಿಲ್ಲ.”

ಶೇಂಗಾದವನ ಬಾಯಿಂದ ಕೇಳಿಕೊಂಡು, ಮನೆಗೆ ಬಂದು ಇದನ್ನು ಹೇಳಿದವರು ಮಾವನೇ, ಬಿದ್ದು ಬಿದ್ದು ನಗುತ್ತಾ. ನಾವೂ ನಕ್ಕೆವು. ಅತ್ತೆ ಒಳಗೆ ಹೋಗಿ ಅಕ್ಕಿ ತೊಳೆಯಲು ಕೂತರು.

ವಾರ್ಡು

ತೊಂಬತ್ತನೇ ಇಸವಿಯ ಹೊತ್ತಿಗೆ ಮಾವನ ಹೃದಯ ಕೈಕೊಟ್ಟಿತು. ಆಸ್ಪತ್ರೆಗೆ ಒಂದು ಸಂಜೆ ನಾನೂ ಅತ್ತೆಯೂ ಹೋದಾಗ ಮಾವ ಎಂದಿನಂತೆ ಗದ್ದಲ ಮಾಡಲಿಲ್ಲ. ನನ್ನೆದುರೇ ಅತ್ತೆಯ ಕೈ ಹಿಡಿದುಕೊಂಡರು. ಅಂಥದ್ದು ಅದೇ ಮೊದಲು.

“ನಿನಗೆ ಅಂತ ಒಂದು ದಿನಾನೂ ಕೊಡಲಿಲ್ಲ ಕಣೇ. ಪಲ್ಟನ್ನಲ್ಲೇ ಬದುಕಿದೋನು. ಇಬ್ಬರೇ ಇರೋದು ಹೇಗೆ ಅಂತ ನನಗೆ ಬರಲೇ ಇಲ್ಲ. ವಾಸಿಯಾಗ್ಲಿ, ಲಾಂಚಲ್ಲಿ ಎಲಿಫೆಂಟಾ ದ್ವೀಪಕ್ಕೆ ಹೋಗೋಣ. ನಡುನೀರಲ್ಲಿ ನಾನು ಯಾರನ್ನ ಕರೀಲಿ, ಹೇಳು?”

ಅತ್ತೆಯ ಕಣ್ಣು ತುಂಬಿತು. ಅಷ್ಟರಲ್ಲಿ ಪಕ್ಕದ ಮಂಚದ ರೋಗಿ ತಲೆ ಎತ್ತಿ, “ಎಲಿಫೆಂಟಾ? ಕಬ್ ಜಾನೇಕಾ, ಸಾಬ್?” ಎಂದು ಹೊರಡುವ ದಿನ ಕೇಳಿದ.

“ಅರೇ, ಆಪ್ ಭೀ ಚಲೋ!” ಎಂದು ಅವನನ್ನೂ ಕರೆದುಬಿಟ್ಟರು ಮಾವ.

ತಕ್ಷಣ ನಾಲಿಗೆ ಕಚ್ಚಿಕೊಂಡರು. ಅತ್ತೆ ಫ್ಲಾಸ್ಕು ತೆಗೆದು, ಆ ಮಂಚದವನಿಗೂ ಒಂದು ಲೋಟ ಕಾಫಿ ಬಗ್ಗಿಸಿದರು.

ಕೊನೆಯ ಸಲ

ಲಾಂಚು ಹತ್ತುವ ದಿನ ಬರಲಿಲ್ಲ. ಮಾವ ಹೋದ ಬೆಳಿಗ್ಗೆ ಮೆಟ್ಟಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೆಳಗಿನ ಮನೆಯ ಮರಾಠಿಯವರು, ಟ್ಯಾಕ್ಸಿ ಓಡಿಸುವ ಸರ್ದಾರ್ಜಿ, ಇಸ್ತ್ರಿಯವನು, ಹಾಲಿನ ಭಯ್ಯಾ, ಕಾರ್ಖಾನೆಯ ಸೆಕ್ಯುರಿಟಿಯವರು ಯೂನಿಫಾರ್ಮಿನಲ್ಲೇ. ಶವದ ವ್ಯಾನಿನ ಹಿಂದೆ ಕಾರ್ಖಾನೆಯ ಬಸ್ಸು ನಿಂತಿತ್ತು. ಡ್ರೈವರು ಬಾಗಿಲಲ್ಲಿ ನಿಂತು, “ಆಜಾವ್, ಆಜಾವ್, ಔರ್ ಜಗಹ್ ಹೈ!” ಎಂದು ಎಲ್ಲರನ್ನೂ ಹತ್ತಿಸಿಕೊಳ್ಳುತ್ತಿದ್ದ. ಮಾವ ಇದ್ದಿದ್ದರೆ ಕೆಳಗಿಳಿದು ತಾವೂ ಕೂಗುತ್ತಿದ್ದರು.

ನಮ್ಮಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವ ಪದ್ಧತಿಯಿಲ್ಲ. ವ್ಯಾನು ಹೊರಟಿತು, ಬಸ್ಸು ಹೊರಟಿತು, ಅದರ ಹಿಂದೆ ಟ್ಯಾಕ್ಸಿಗಳೂ ಹೊರಟವು. ಬಿಲ್ಡಿಂಗಿನಲ್ಲಿ ಒಬ್ಬ ಗಂಡಸೂ ಉಳಿಯಲಿಲ್ಲ. ಒಂದೇ ಒಂದು ಸಲ ಅವರಿಬ್ಬರೇ ಎಲ್ಲಾದರೂ ಹೋಗಿ ಬರಬೇಕಿತ್ತು ಎಂದು ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಗ್ಯಾಲರಿಯ ಕಂಬಿ ಹಿಡಿದು ನಿಂತಿದ್ದ ಅತ್ತೆ, ಕೊನೆಯ ಟ್ಯಾಕ್ಸಿ ತಿರುಗುವ ತನಕ ನೋಡಿ, ನನ್ನ ಕಡೆ ತಿರುಗಿದರು.

“ನೋಡಿದ್ಯೇನೇ? ಇಡೀ ಕಾಲೋನೀನ ಕರ್ಕೊಂಡು ಹೊರಟ್ರು. ನನ್ನೊಬ್ಬಳನ್ನ ಬಿಟ್ಟು.”