ಹಳೇ ಎಣ್ಣೆಬಾವಿ, ಅತ್ತೆಯ ಡಬ್ಬ

ಎಣ್ಣೆ ಬಿಡಿಸುವ ವಿಷಯದಲ್ಲಿ ಇಡೀ ಶಿವಮೊಗ್ಗದಲ್ಲಿ ನನ್ನಷ್ಟು ಬಲ್ಲವರಿಲ್ಲ ಎಂದು ಕಳೆದ ಶುಕ್ರವಾರ ಬೆಳಗಿನವರೆಗೆ ನಂಬಿದ್ದೆ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ನನ್ನ ಪಿಎಚ್‌ಡಿ ಹಳೆಯ ಪೆಟ್ರೋಲಿಯಂ ಬಾವಿಗಳ ಮೇಲೆ. ಅಂಥ ಬಾವಿಯಲ್ಲಿ ಸುಲಭದ ಎಣ್ಣೆಯೆಲ್ಲ ಬಂದು ಮುಗಿದ ಮೇಲೆ ಉಳಿದದ್ದು ಕಲ್ಲಿನ ಸಂದಿಯಲ್ಲಿ ಅಂಟಿ ಕೂರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೋ ಕಣಗಳನ್ನು ನೀರಿನಲ್ಲಿ ಕಲಸಿ ಒಳಗೆ ನುಗ್ಗಿಸಿದರೆ ಅದೂ ಬಿಟ್ಟುಕೊಂಡು ಬರುತ್ತದೆ.

"ನಮ್ಮ ಜಿಲ್ಲೇಲಿ ಎಣ್ಣೆಬಾವಿ ಎಲ್ಲಿದೆ ಮಾರಾಯ್ರೆ?" ಎಂದು ಹೆಂಡತಿ ಶೈಲಾ ಮದುವೆಯಾದಾಗಿನಿಂದ ಕೇಳುತ್ತಿದ್ದಾಳೆ. ಪಿಎಚ್‌ಡಿಯೂ ಅಂದಿನಿಂದ ನಡೆಯುತ್ತಲೇ ಇದೆ.

ಕೊನೆಗೆ ನನ್ನ ಗೈಡ್ ಸಹನೆ ಕಳೆದುಕೊಂಡರು. "ಶುಕ್ರವಾರ ಪ್ರಯೋಗ ಮಾಡಿ ತೋರಿಸಿ. ಎಣ್ಣೆ ಬಂದ್ರೆ ಸಹಿ ಹಾಕ್ತೀನಿ. ಇಲ್ಲಾಂದ್ರೆ ಪಿಎಚ್‌ಡಿ ಮರೆತುಬಿಡಿ" ಎಂದರು.

ಆ ನ್ಯಾನೋ ಕಣಗಳ ಪುಡಿಗೆ ಬೇಕಾದದ್ದು ಭತ್ತದ ಹೊಟ್ಟಿನ ಬೂದಿ. ಭದ್ರಾವತಿಯಲ್ಲಿ ಅತ್ತೆಯ ಮನೆ ಪಕ್ಕದಲ್ಲೇ ಅಕ್ಕಿ ಗಿರಣಿ. ಆದ್ದರಿಂದ ಸಂಶೋಧನೆ ಅಲ್ಲಿಗೆ ವರ್ಗವಾಯಿತು. ಬೂದಿಯನ್ನು ತೊಳೆದೆ, ಸುಟ್ಟೆ, ಅರೆದೆ. ಅರೆಯುವಾಗ ಅತ್ತೆಯ ಮಿಕ್ಸಿ ಪ್ರಾಣ ಬಿಟ್ಟಿತು. ಸಿದ್ಧವಾದ ಪುಡಿಯನ್ನು ಸ್ಟೀಲ್ ಡಬ್ಬಕ್ಕೆ ತುಂಬಿ, ತೇವ ಹಿಡಿಯಬಾರದೆಂದು ಗುರುವಾರ ಸಂಜೆ ಬಚ್ಚಲಿನ ಹಂಡೆ ಒಲೆಯ ಪಕ್ಕದ ಗೂಡಿನಲ್ಲಿಟ್ಟೆ. ಅಲ್ಲಿ ಅಂಥದ್ದೇ ಇನ್ನೊಂದು ಡಬ್ಬವಿತ್ತು. ಎರಡೂ ನಮ್ಮ ಮದುವೆಗೆ ಉಡುಗೊರೆ ಬಂದವು. ಉಡುಗೊರೆ ಕೊಡುವವರಾದರೂ ಬೇರೆ ಬೇರೆ ಡಬ್ಬ ಕೊಡಬಾರದೇ?

ಬೆಳಿಗ್ಗೆ ಬಸ್ಸಿಗೆ ತಡವಾಯಿತೆಂದು ಡಬ್ಬ ಎಳೆದುಕೊಂಡು ಓಡಿದೆ. ಮಲವಗೊಪ್ಪ ದಾಟುವಾಗ ಮುಚ್ಚಳ ತೆಗೆದು ನೋಡಿದೆ. ಪುಡಿ ಯಾಕೋ ಕಂದು ಬಣ್ಣಕ್ಕಿತ್ತು. ಒಲೆಯ ಶಾಖಕ್ಕೆ ಹಾಗಾಗಿದೆ ಎಂದು ವೈಜ್ಞಾನಿಕವಾಗಿ ತೀರ್ಮಾನಿಸಿದೆ.

ಲ್ಯಾಬಿನಲ್ಲಿ ಬಾವಿಯ ಬದಲಿಗೆ ಗಾಜಿನ ಕೊಳವೆಗೆ ಮರಳು ತುಂಬಿ, ಎಣ್ಣೆ ಕುಡಿಸಿ, ಬರೀ ನೀರು ಹಾಯಿಸಿದೆ. ಸ್ವಲ್ಪ ಎಣ್ಣೆ ಬಂದು ನಿಂತಿತು. ಆಮೇಲೆ ನನ್ನ ಪುಡಿ ಕದಡಿದ ನೀರು ಬಿಟ್ಟೆ. ಎಣ್ಣೆ ಬಂತು ನೋಡಿ! ಬಂತು, ಬರುತ್ತಲೇ ಇತ್ತು. ಜೊತೆಗೆ ರಾಶಿ ನೊರೆ.

"ನೊರೆ ಯಾಕ್ರೀ?" ಎಂದರು ಗೈಡ್.

"ನ್ಯಾನೋ ಪರಿಣಾಮ, ಸರ್."

"ವಾಸನೆ ಎಲ್ಲೋ ಪರಿಚಯ ಇದ್ದ ಹಾಗಿದೆಯಲ್ಲ."

"ಸಸ್ಯಮೂಲ, ಸರ್."

ಮರಳು ಬೆಳ್ಳಗಾಯಿತು. ಗೈಡ್ ನನ್ನ ಬೆನ್ನು ತಟ್ಟಿ ಜೇಬಿನಿಂದ ಪೆನ್ನು ತೆಗೆದರು. ಅದೇ ಹೊತ್ತಿಗೆ ಭದ್ರಾವತಿಯಿಂದ ಶೈಲಾಳ ಫೋನ್. ಕೈಯೆಲ್ಲ ಎಣ್ಣೆಯಾಗಿದ್ದರಿಂದ ಬೆರಳ ತುದಿಯಲ್ಲಿ ಸ್ಪೀಕರ್ ಒತ್ತಿದೆ. ಆ ಬೆರಳನ್ನು ಇಂದಿಗೂ ಕ್ಷಮಿಸಿಲ್ಲ.

"ರೀ, ಅಮ್ಮ ಎಣ್ಣೆಸ್ನಾನಕ್ಕೆ ಕೂತಿದ್ದಾರೆ. ಸೀಗೆಪುಡಿ ಡಬ್ಬ ಎಲ್ಲಿಗೆ ಒಯ್ದ್ರಿ?"

ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. "ಅಳಿಯಂದ್ರೆ, ನಿಮ್ಮ ಪುಡೀನ ತಿಕ್ಕೀ ತಿಕ್ಕೀ ಕೈ ಸೋತವು. ಹಂಡೆ ನೀರೂ ಖಾಲಿಯಾಯ್ತು. ತಲೆಯಿಂದ ಒಂದು ತೊಟ್ಟು ಎಣ್ಣೆ ಬಿಡ್ತಿಲ್ಲ."

ಗೈಡ್ ನೊರೆಯನ್ನು ನೋಡಿದರು. ನನ್ನನ್ನು ನೋಡಿದರು. ಪೆನ್ನಿಗೆ ಮುಚ್ಚಳ ಹಾಕಿದರು.

"ನಿಮ್ಮ ಪುಡಿಯ ಪ್ರಯೋಗ ಭದ್ರಾವತೀಲಿ ಆಗಿದೆಯಲ್ಲ, ಅದರ ಫಲಿತಾಂಶ ಬರೀರಿ" ಎಂದು ಹೇಳಿ ಹೊರಟುಹೋದರು. ಇಷ್ಟು ವರ್ಷದ ಪಿಎಚ್‌ಡಿ ಅತ್ತೆಯ ಬಚ್ಚಲಿನಲ್ಲಿ ಮುಗಿದುಹೋಯಿತು. ನನಗೆ ಅಳು ಬಂತು ಎಂದರೆ ಸುಳ್ಳಲ್ಲ.

ಮಧ್ಯಾಹ್ನದ ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ವಾಪಸು ಹೊರಟೆ. ಅತ್ತೆ ತಲೆಗೆ ಟವೆಲ್ ಸುತ್ತಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದರು. ಹಣೆಯ ಮೇಲೆ ಎಣ್ಣೆ ಇಳಿಯುತ್ತಿತ್ತು, ಅದರ ಜೊತೆ ನನ್ನ ಬೂದಿಯೂ. ಡಬ್ಬ ಇಸಿದುಕೊಂಡು ಮುಚ್ಚಳ ತೆಗೆದರು.

"ಇಷ್ಟೊಂದು ಖರ್ಚು ಮಾಡಿದೀರಲ್ಲ" ಎಂದರು.

"ನನ್ನ ಇಡೀ ಸಂಶೋಧನೆಯಲ್ಲಿ ಕೆಲಸ ಮಾಡಿದ್ದು ನಿಮ್ಮ ಸೀಗೆಪುಡಿ ಒಂದೇ, ಅತ್ತೆ" ಎನ್ನಬೇಕೆನಿಸಿತು. ಅದರ ಬದಲು ಹಂಡೆಗೆ ನೀರು ತುಂಬಿಸಲು ಹೋದೆ.